ಕಿರಿಕಿರಿ ಎಂಬ ಅಪರಾಧ

ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. 1979ರಲ್ಲಿ ನಮ್ಮೂರಿನ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಾಗ ನನಗೆ 21 ವರ್ಷ. ಆಗ ಹುಬ್ಬಳ್ಳಿಗೋ ಬೆಂಗಳೂರಿಗೋ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ಬಗೆ. ದುಡ್ಡಿದ್ದವರು ವ್ಯಾಪಾರಕ್ಕಾಗಿ ಲೈಟ್ನಿಂಗ್ ಮಾಡುತ್ತಿದ್ದರು. ಸಾವಿನ ಸುದ್ದಿ ಮುಟ್ಟಿಸಬೇಕಾದಾಗ ಬಡವರೂ ಸಾಲ ಮಾಡಿ ಲೈಟ್ನಿಂಗ್ ಮಾಡುತ್ತಿದ್ದರು. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ಕೂತೆವೆಂದರೆ ಊರಿನ ಮದುವೆ, ಮುಂಜಿ, ಹೆರಿಗೆ, ಅಡಿಕೆ ಧಾರಣೆ ಎಲ್ಲವೂ ನಮ್ಮ ಬೆರಳ ಸಂದಿಯಿಂದಲೇ ಹಾದುಹೋಗಬೇಕು.

ಆ ಹೆಡ್‌ಸೆಟ್ಟಿನಲ್ಲಿ ಎರಡು ಬಗೆಯ ದನಿಗಳು ನಮ್ಮನ್ನು ಕಾಡುತ್ತಿದ್ದವು. ಒಂದು, ಸಿಟ್ಟಿನ ದನಿ. "ಏನಮ್ಮಾ, ನಿದ್ದೆ ಮಾಡ್ತಾ ಇದೀರಾ? ಬೆಳಿಗ್ಗೆ ಬುಕ್ ಮಾಡಿದ ಕಾಲ್ ಸಂಜೆ ಆದ್ರೂ ಇಲ್ಲ. ಸರ್ಕಾರದ ಸಂಬಳ ದಂಡ!" ಎಂಬ ಬೈಗುಳ ದಿನಕ್ಕೆ ಹತ್ತಾದರೂ ಬರುತ್ತಿದ್ದವು. ಇನ್ನೊಂದು, ರಾತ್ರಿ ಪಾಳಿಯ ದನಿ. ಹನ್ನೊಂದರ ಮೇಲೆ ಯಾವನೋ ಒಬ್ಬ ಫೋನೆತ್ತಿ, ಕಾಲ್ ಬೇಕೆಂದೇನೂ ಹೇಳದೆ, ನಮ್ಮ ಸೀರೆಯ ಬಣ್ಣ ಕೇಳುವುದರಿಂದ ಶುರುಮಾಡಿ ಇಲ್ಲಿ ಬರೆಯಲಾಗದ ಮಾತಿಗೆ ಇಳಿಯುತ್ತಿದ್ದ. ಮೊದಲ ಸಲ ನಾನು ಅಳುತ್ತಾ ಎದ್ದುಹೋಗಿದ್ದೆ. ನಮ್ಮ ಮೇಲ್ವಿಚಾರಕಿ ನನ್ನನ್ನು ಕರೆದು ಕೂರಿಸಿ ಹೇಳಿದರು: "ನೋಡು, ಬೈಯುವವನಿಗೆ ಉತ್ತರ ಕೊಡು. ಹೊಲಸು ಮಾತಾಡುವವನ ನಂಬರು ಬರೆದಿಡು. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಡ."

ಆ ಮಾತಿನ ತೂಕ ನನಗೆ ಅರ್ಥವಾಗಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅದೂ ಟೆಲಿಫೋನಿನಿಂದಲ್ಲ, ಇಂಟರ್‌ನೆಟ್ಟಿನಿಂದ.

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಎಂಬ ಸೆಕ್ಷನ್ನನ್ನು ರದ್ದುಮಾಡಿತು. ಆ ತೀರ್ಪಿನ ಬಗ್ಗೆ ಓದುವಾಗ ಒಂದು ಸಂಗತಿ ನನ್ನನ್ನು ತಟ್ಟನೆ ನಿಲ್ಲಿಸಿತು. ಈ ಸೆಕ್ಷನ್ನಿನ ಬೇರು ಇರುವುದು ಇಂಗ್ಲೆಂಡಿನಲ್ಲಿ 1935ರಲ್ಲಿ ಆದ ಅಂಚೆ ಕಚೇರಿ ತಿದ್ದುಪಡಿ ಕಾಯ್ದೆಯಲ್ಲಿ. ಟೆಲಿಫೋನಿನಲ್ಲಿ ತೀರಾ ಅವಹೇಳನದ, ಅಸಭ್ಯ, ಅಶ್ಲೀಲ ಇಲ್ಲವೆ ಬೆದರಿಸುವಂಥ ಮಾತು ಆಡುವುದು ಅಪರಾಧ ಎಂದಿತ್ತು ಆ ಕಾನೂನು. ನನಗೆ ನಮ್ಮ ರಾತ್ರಿ ಪಾಳಿಯೇ ನೆನಪಾಯಿತು. ನಮ್ಮಂಥವರ ಕಿವಿಗೆ ಬೀಳುತ್ತಿದ್ದ ಹೊಲಸಿಗೆ ತಕ್ಕ ಕಾನೂನು ಅದು. ಇಂಗ್ಲೆಂಡಿನಲ್ಲಿ ಅದು ಒಂದು ಕಾಯ್ದೆಯಿಂದ ಇನ್ನೊಂದು ಕಾಯ್ದೆಗೆ ಸಾಗುತ್ತಾ 2003ರ ಸಂಪರ್ಕ ಕಾಯ್ದೆಯವರೆಗೆ ಬಂತು. ಅದರ ಮಾತುಗಳು ಅಲ್ಲಿಂದ ನಮ್ಮ ದೇಶಕ್ಕೂ ಇಳಿದವು.

ಇಳಿದ ರೀತಿಯೂ ತಿಳಿಯಬೇಕಾದದ್ದೆ. 2008ರ ನವೆಂಬರ್ ಕೊನೆಯಲ್ಲಿ ಮುಂಬೈ ಮೇಲೆ ಉಗ್ರರ ದಾಳಿ ಆಗಿತ್ತು. ಡಿಸೆಂಬರ್ 22ರಂದು ಲೋಕಸಭೆ, ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ತಿದ್ದುಪಡಿಯನ್ನು ಒಪ್ಪಿತು. ಮರುದಿನ ರಾಜ್ಯಸಭೆಯೂ ಒಪ್ಪಿತು. 2009ರ ಅಕ್ಟೋಬರ್ 27ರಿಂದ ಅದು ಜಾರಿಗೆ ಬಂತು. ಮನೆಯಲ್ಲಿ ಒಂದು ಸೀರೆ ಕೊಳ್ಳಲು ಇದಕ್ಕಿಂತ ಹೆಚ್ಚು ಚರ್ಚೆ ನಡೆಯುತ್ತದೆ.

66ಎ ಏನು ಹೇಳುತ್ತಿತ್ತು? ಕಂಪ್ಯೂಟರ್ ಇಲ್ಲವೆ ಮೊಬೈಲಿನ ಮೂಲಕ ತೀರಾ ಅವಹೇಳನದ, ಬೆದರಿಸುವ ಸಂದೇಶ ಕಳಿಸಿದರೆ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇಲ್ಲಿಗೇ ನಿಲ್ಲಲಿಲ್ಲ. ಸುಳ್ಳೆಂದು ಗೊತ್ತಿದ್ದೂ ಇನ್ನೊಬ್ಬರಿಗೆ ಕಿರಿಕಿರಿ, ತೊಂದರೆ, ಅವಮಾನ, ದ್ವೇಷ ಉಂಟುಮಾಡಲು ಬರೆದರೂ ಅದೇ ಶಿಕ್ಷೆ. ವಾರಂಟು ಇಲ್ಲದೆಯೇ ಪೊಲೀಸರು ಹಿಡಿದೊಯ್ಯಬಹುದಿತ್ತು. ಇದಾವುದನ್ನೂ ಆಗ ನಾನು ಸರಿಯಾಗಿ ಓದಿರಲಿಲ್ಲ. ನಮ್ಮ ಮಹಿಳಾ ಸಮಾಜದಲ್ಲಿ ಯಾರೋ ಈ ಕಾನೂನಿನ ಮಾತೆತ್ತಿದಾಗ, "ಒಳ್ಳೆಯದೇ ಆಯಿತು, ಹೆಣ್ಣುಮಕ್ಕಳಿಗೆ ಹೊಲಸು ಮೆಸೇಜು ಕಳಿಸುವವರಿಗೆ ಬುದ್ಧಿ ಬರುತ್ತದೆ" ಎಂದವಳು ನಾನೇ. ಆ ಹೊಲಸನ್ನು ಕಿವಿಯಾರೆ ಕೇಳಿದವಳು ಬೇರೆ ಏನು ಹೇಳಿಯಾಳು?

ಆದರೆ ಬಲೆಗೆ ಬಿದ್ದವರು ಬೇರೆಯವರು. 2012ರ ಏಪ್ರಿಲ್‌ನಲ್ಲಿ ಕೊಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರರನ್ನು ಪೊಲೀಸರು ಹಿಡಿದರು. ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರ ಮೇಲಿನ ಒಂದು ವ್ಯಂಗ್ಯಚಿತ್ರವನ್ನು ಅವರು ಇ-ಮೇಲಿನಲ್ಲಿ ಇತರರಿಗೆ ಕಳಿಸಿದ್ದರು, ಅಷ್ಟೆ. ಆ ಮೊಕದ್ದಮೆಯಿಂದ ಅವರು ಪೂರ್ತಿ ಬಿಡುಗಡೆ ಹೊಂದಿದ್ದು 2023ರ ಜನವರಿಯಲ್ಲಿ. ಅದೇ 2012ರ ಸೆಪ್ಟೆಂಬರಿನಲ್ಲಿ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿಯವರ ಬಂಧನವಾಯಿತು. ಭ್ರಷ್ಟಾಚಾರದ ಮೇಲಿನ ಅವರ ಚಿತ್ರಗಳಿಗಾಗಿ ರಾಜದ್ರೋಹದ ಆರೋಪವೂ ಸೇರಿಕೊಂಡಿತು. ಅಕ್ಟೋಬರಿನಲ್ಲಿ ಪುದುಚೇರಿಯ ಒಬ್ಬ ಸಣ್ಣ ಉದ್ಯಮಿ ಕೇಂದ್ರ ಸಚಿವರೊಬ್ಬರ ಮಗನ ಬಗ್ಗೆ ಟ್ವಿಟರಿನಲ್ಲಿ ಬರೆದರೆಂದು ಬೆಳಗಿನ ಜಾವ ಪೊಲೀಸರು ಮನೆಗೆ ಬಂದರು. ಟ್ವಿಟರಿನಲ್ಲಿ ಅವರ ಮಾತಿಗೆ ಕಿವಿಗೊಟ್ಟವರು ಇಪ್ಪತ್ತು ಜನರೂ ಇರಲಿಲ್ಲ. ಹೆಣ್ಣುಮಕ್ಕಳ ಮಾನ ಇದರಲ್ಲೆಲ್ಲ ಎಲ್ಲಿತ್ತು ಎಂದು ಹುಡುಕಿದರೂ ಸಿಗದು.

ನವೆಂಬರ್ ಬಂತು. 17ರಂದು ಬಾಳ ಠಾಕ್ರೆ ತೀರಿಕೊಂಡರು. ಮರುದಿನ ಭಾನುವಾರ, ಮುಂಬೈ ಪೂರ್ತಿ ಸ್ತಬ್ಧವಾಗಿತ್ತು. ಆಗಿನ್ನೂ ಠಾಣೆ ಜಿಲ್ಲೆಗೆ ಸೇರಿದ್ದ ಪಾಲ್ಘರ್ ಎಂಬ ಊರಿನಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ, ಜನ ದಿನವೂ ಹುಟ್ಟುತ್ತಾರೆ, ಸಾಯುತ್ತಾರೆ, ಅದಕ್ಕಾಗಿ ಬಂದ್ ಏಕೆ ಎಂಬರ್ಥದ ನಾಲ್ಕು ಸಾಲು ಫೇಸ್‌ಬುಕ್ಕಿನಲ್ಲಿ ಬರೆದಳು. ಅವಳ ಗೆಳತಿ ಅದನ್ನು ಮೆಚ್ಚಿದ್ದೇನೆಂದು ಗುಂಡಿ ಒತ್ತಿದಳು. ಅಷ್ಟಕ್ಕೆ ಇಬ್ಬರನ್ನೂ ಪೊಲೀಸ್ ಠಾಣೆಗೆ ಒಯ್ದರು. ಗುಂಪೊಂದು ಹೋಗಿ ಹುಡುಗಿಯ ಚಿಕ್ಕಪ್ಪನ ಆಸ್ಪತ್ರೆಯನ್ನು ಧ್ವಂಸ ಮಾಡಿತು. ಸೋಮವಾರ ಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ದೇಶವೆಲ್ಲ ಛೀ ಎಂದಮೇಲೆ ಇಬ್ಬರು ಪೊಲೀಸ್ ಅಧಿಕಾರಿಗಳು ಅಮಾನತಾದರು, ಕೇಸೂ ಮುಚ್ಚಿಹೋಯಿತು. ಆ ಎರಡು ಮನೆಗಳ ತಾಯಂದಿರು ಅಂದು ರಾತ್ರಿ ಹೇಗೆ ಕಳೆದಿರಬಹುದು ಎಂದು ನಾನು ಟಿ.ವಿ. ಮುಂದೆ ಕೂತು ಯೋಚಿಸಿದೆ. ಇದೆಲ್ಲ ದೂರದ ಊರಿನ ಮಾತು ಎಂಬ ಧೈರ್ಯವೂ ಒಳಗೊಳಗೇ ಇತ್ತು.

ಆ ಧೈರ್ಯ ಆರು ತಿಂಗಳೂ ಬಾಳಲಿಲ್ಲ. 2013ರ ಬೇಸಿಗೆ. ನಮ್ಮೂರಿನಲ್ಲಿ ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ನನ್ನ ತಂಗಿಯ ಮಗಳು ಆಗ ಡಿಗ್ರಿ ಓದುತ್ತಿದ್ದಳು. ಬಣ್ಣ ಬಣ್ಣದ ಖಾಲಿ ಕೊಡಗಳ ಸಾಲಿನ ಫೋಟೋ ತೆಗೆದು, ಊರಿನ ಮುಖಂಡರೊಬ್ಬರ ಮನೆಗೆ ಮಾತ್ರ ದಿನವೂ ಟ್ಯಾಂಕರು ಹೋಗುತ್ತದೆ, ಅವರಿಗೆ ಬಾಯಾರಿಕೆ ಹೆಚ್ಚೇ ಎಂದು ಬರೆದಳು. ಎರಡನೆಯ ದಿನ ಪೇದೆಯೊಬ್ಬ ಮನೆ ಬಾಗಿಲಿಗೆ ಬಂದ. ಒರಟಾಗಿ ಮಾತಾಡಲಿಲ್ಲ. ತಂಗಿಯ ಗಂಡನನ್ನು ಹೊರಗೆ ಕರೆದು, "ಹುಡುಗಿ ಓದೋ ವಯಸ್ಸು ಸಾರ್. ಈಗ ಹೊಸ ಕಾನೂನು ಬಂದಿದೆ. ಮುಂದೆ ಮದುವೆ ಗಿದುವೆ ಮಾಡಬೇಕಲ್ಲ" ಎಂದು ಹೇಳಿ, ಟೀ ಕುಡಿದು ಹೋದ. ಕೇಸೂ ಇಲ್ಲ, ಕಾಗದವೂ ಇಲ್ಲ. ಅದರ ಅಗತ್ಯವೇ ಇರಲಿಲ್ಲ.

ತಂಗಿ ಅಳುತ್ತಾ ನನಗೆ ಫೋನು ಮಾಡಿದಳು. ನಾನು ಹೋದೆ. ಹುಡುಗಿ ಮೂಲೆಯಲ್ಲಿ ಕೂತಿದ್ದಳು. "ದೊಡ್ಡಮ್ಮ, ನಾನು ಸುಳ್ಳು ಬರೆದಿದೀನಾ?" ಎಂದು ಕೇಳಿದಳು. ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯ ಕೊಡವೂ ಆ ಸಾಲಿನಲ್ಲಿತ್ತು. ಆದರೂ ನಾನು ಹೇಳಿದ್ದು, "ಅಳಿಸಿಬಿಡು ಮಗಳೇ." ಅವಳು ನನ್ನ ಮುಖವನ್ನೇ ನೋಡುತ್ತಾ ಅಳಿಸಿದಳು. ಬೈಯುವವರಿಗೆ ಉತ್ತರ ಕೊಡು ಎಂದು ಕಲಿತವಳು, ಬೈದವಳ ಬಾಯಿಯನ್ನೇ ಮುಚ್ಚಿಸಿ ಬಂದೆ.

ಆ ಮೇ ತಿಂಗಳಲ್ಲೇ ಹೈದರಾಬಾದಿನಲ್ಲಿ ಜಯಾ ವಿಂಧ್ಯಾಲ ಎಂಬ ವಕೀಲೆಯನ್ನು, ರಾಜ್ಯಪಾಲರೊಬ್ಬರು ಮತ್ತು ಶಾಸಕರೊಬ್ಬರ ವಿರುದ್ಧ ಫೇಸ್‌ಬುಕ್ಕಿನಲ್ಲಿ ಬರೆದರೆಂದು, ಬಂಧಿಸಿದರು. ಮಾನವ ಹಕ್ಕುಗಳಿಗಾಗಿ ದುಡಿಯುತ್ತಿದ್ದ, ಕಾನೂನು ಬಲ್ಲ ಹೆಂಗಸಿಗೇ ಹೀಗಾದರೆ ನಮ್ಮ ಹುಡುಗಿಯ ಪಾಡೇನು ಎಂದು ನನ್ನ ಹೇಡಿತನಕ್ಕೆ ನಾನೇ ಸಮಾಧಾನ ಹೇಳಿಕೊಂಡೆ.

ಆದರೆ ಎಲ್ಲ ಮನೆಗಳಲ್ಲೂ ದೊಡ್ಡವರು ಅಳಿಸಿಬಿಡು ಎನ್ನಲಿಲ್ಲ. ದೆಹಲಿಯಲ್ಲಿ ಶ್ರೇಯಾ ಸಿಂಘಾಲ್ ಎಂಬ ಹುಡುಗಿ ಇದ್ದಳು. ಇಂಗ್ಲೆಂಡಿನಲ್ಲಿ ಖಭೌತಶಾಸ್ತ್ರ ಓದಿ ಆಗಷ್ಟೇ ಮನೆಗೆ ಬಂದಿದ್ದಳು. ತಾಯಿ ಸುಪ್ರೀಂ ಕೋರ್ಟಿನ ವಕೀಲೆ. ತೀರಿಹೋಗಿದ್ದ ಅಜ್ಜಿ ಸುನಂದಾ ಭಂಡಾರೆ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಪಾಲ್ಘರ್ ಹುಡುಗಿಯರ ಸುದ್ದಿ ಕೇಳಿ, ಈ ಕಾನೂನೇ ಸರಿಯಿಲ್ಲ ಎಂದು ಮನೆಯಲ್ಲಿ ಮಾತಾಯಿತು. ಹಾಗಿದ್ದರೆ ಅದನ್ನು ಪ್ರಶ್ನಿಸು ಎಂದು ತಾಯಿ ಹುರಿದುಂಬಿಸಿದರು. ಆ ನವೆಂಬರ್ ತಿಂಗಳು ಮುಗಿಯುವುದರೊಳಗೆ ಅರ್ಜಿ ಸುಪ್ರೀಂ ಕೋರ್ಟಿನಲ್ಲಿತ್ತು. ಮಗಳಿಗೆ ಆಗ 21. ನಾನು ಹೆಡ್‌ಸೆಟ್ ಹಾಕಿಕೊಂಡ ವಯಸ್ಸು. ಹಿರಿಯ ವಕೀಲ ಸೋಲಿ ಸೊರಾಬ್ಜಿ ಅವಳ ಪರವಾಗಿ ವಾದಿಸಿದರು. ಪಿ.ಯು.ಸಿ.ಎಲ್., ಕಾಮನ್ ಕಾಸ್ ಮುಂತಾದ ಸಂಘಟನೆಗಳ ಅರ್ಜಿಗಳೂ ಜೊತೆಗೂಡಿದವು.

ನ್ಯಾಯಮೂರ್ತಿ ಚಲಮೇಶ್ವರ್ ಮತ್ತು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ತೀರ್ಪು ಕೊಟ್ಟರು. ಕಾನೂನು ಓದದ ನನಗೂ ತಿಳಿಯುವಷ್ಟು ಸರಳವಾಗಿತ್ತು ಅವರ ತರ್ಕ. ಒಂದು ವಿಷಯವನ್ನು ಚರ್ಚಿಸುವುದು ಬೇರೆ, ಅದನ್ನು ಪ್ರತಿಪಾದಿಸುವುದು ಬೇರೆ, ಕೆಡುಕಿಗೆ ಪ್ರಚೋದಿಸುವುದು ಬೇರೆ. ಮೊದಲೆರಡು ಯಾರಿಗೆ ಎಷ್ಟೇ ಹಿಡಿಸದಿದ್ದರೂ ಸಂವಿಧಾನ ಕೊಟ್ಟ ಮಾತಿನ ಹಕ್ಕು. ಮೂರನೆಯ ಹಂತ ಮುಟ್ಟಿದಾಗ ಮಾತ್ರ ಸರ್ಕಾರ ಅಡ್ಡಬರಬಹುದು. ಕಿರಿಕಿರಿ ಎಂಬುದಕ್ಕೆ ಅಳತೆ ಎಲ್ಲಿದೆ? ಒಬ್ಬರಿಗೆ ಕಿರಿಕಿರಿ ಆದದ್ದು ಇನ್ನೊಬ್ಬರಿಗೆ ನಗು. ಇಂಗ್ಲೆಂಡಿನ ಒಂದು ಪ್ರಸಂಗವನ್ನೂ ಅವರು ನೋಡಿದ್ದರು. 2010ರಲ್ಲಿ ಹಿಮದಿಂದ ವಿಮಾನ ನಿಲ್ದಾಣ ಮುಚ್ಚಿತೆಂದು ಬೇಸತ್ತ ಯುವಕನೊಬ್ಬ, ಇವರು ಬೇಗ ತೆರೆಯದಿದ್ದರೆ ನಿಲ್ದಾಣವನ್ನೇ ಉಡಾಯಿಸುತ್ತೇನೆಂದು ತಮಾಷೆಗೆ ಬರೆದ. ಕೆಳಗಿನ ನ್ಯಾಯಾಲಯ ಅದು ಬೆದರಿಕೆ ಎಂದು ಶಿಕ್ಷಿಸಿತು. 2012ರಲ್ಲಿ ಮೇಲಿನ ನ್ಯಾಯಾಲಯ ಅಲ್ಲವೆಂದು ಬಿಟ್ಟಿತು. ನುರಿತ ನ್ಯಾಯಾಧೀಶರಿಗೇ ಒಮ್ಮತವಿಲ್ಲದಿದ್ದಾಗ ಜನಸಾಮಾನ್ಯರು ಯಾವ ಗೆರೆ ನೋಡಿ ನಡೆಯಬೇಕು? ನಾವು ಈ ಸೆಕ್ಷನ್ನನ್ನು ದುರುಪಯೋಗ ಮಾಡುವುದಿಲ್ಲ ಎಂದು ಸರ್ಕಾರ ಮಾತು ಕೊಟ್ಟಿತು. ಸರ್ಕಾರಗಳು ಬರುತ್ತವೆ, ಹೋಗುತ್ತವೆ, ಸೆಕ್ಷನ್ ಮಾತ್ರ ಉಳಿಯುತ್ತದೆ ಎಂದು ಹೇಳಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ನಮ್ಮ ಮೇಲ್ವಿಚಾರಕಿಯ ಎರಡು ಪುಸ್ತಕದ ಮಾತು ಇದೇ ಅಲ್ಲವೇ ಎನ್ನಿಸಿತು ನನಗೆ. 66ಎ ಮಾಡಿದ್ದು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದದ್ದು. ಬರೆಯುವ ಪೆನ್ನನ್ನು ಬೈಸಿಕೊಂಡವರ ಕೈಗೇ ಕೊಟ್ಟದ್ದು.

ಹಾಗಾದರೆ ಹೊಲಸು ಕಳಿಸುವವರಿಗೆ ಕಡಿವಾಣವಿಲ್ಲವೇ ಎಂದು ಈಗಲೂ ಗೆಳತಿಯರು ಕೇಳುತ್ತಾರೆ. ಇದೆ. ಬೇಡವೆಂದರೂ ಹೆಣ್ಣಿನ ಬೆನ್ನುಹತ್ತುವುದು, ಇಂಟರ್‌ನೆಟ್ಟಿನಲ್ಲಿ ಅವಳ ಮೇಲೆ ಕಣ್ಣಿಡುವುದು 2013ರಿಂದಲೇ ಅಪರಾಧ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಸೆಕ್ಷನ್. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಾಂಗಗಳ ಚಿತ್ರ ತೆಗೆದರೆ, ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, ಅಶ್ಲೀಲ ಪ್ರಕಟಣೆಗೆ 67. ಇವು ರದ್ದಾಗಿಲ್ಲ. ನಂಬರು ಬರೆದಿಡಲು ನಮಗೆ ಪುಸ್ತಕವಿದೆ.

ತೀರ್ಪು ಬಂದಮೇಲೆ ಎಲ್ಲ ಸರಿಹೋಯಿತೆಂದೂ ಅಲ್ಲ. ಸತ್ತ ಸೆಕ್ಷನ್ ಠಾಣೆಗಳಲ್ಲಿ ದೆವ್ವದಂತೆ ಓಡಾಡಿಕೊಂಡೇ ಇತ್ತು. 2021ರ ಮಾರ್ಚಿನಲ್ಲಿ 11 ರಾಜ್ಯಗಳಲ್ಲಿ ಅದರಡಿಯ 745 ಮೊಕದ್ದಮೆಗಳು ಇನ್ನೂ ನಡೆಯುತ್ತಿವೆ ಎಂದು ಪಿ.ಯು.ಸಿ.ಎಲ್. ಸುಪ್ರೀಂ ಕೋರ್ಟಿಗೆ ತಿಳಿಸಿತು. ಕೋರ್ಟು ಬೆಚ್ಚಿಬಿದ್ದು, 2022ರ ಅಕ್ಟೋಬರಿನಲ್ಲಿ ಈ ಸೆಕ್ಷನ್ನಿನಡಿ ಯಾರ ಮೇಲೂ ಮೊಕದ್ದಮೆ ಹೂಡಕೂಡದೆಂದು ಮತ್ತೊಮ್ಮೆ ಆದೇಶಿಸಬೇಕಾಯಿತು. ಇತ್ತ, ಬರೆದದ್ದನ್ನು ಜನರಿಗೆ ಕಾಣದಂತೆ ತಡೆಯುವ 69ಎ ಸೆಕ್ಷನ್ನನ್ನು 2015ರ ತೀರ್ಪು ಉಳಿಸಿತ್ತು. ಅದರಡಿಯ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕಂಪನಿ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದಿತ್ತು. 2023ರ ಜೂನ್ 30ರಂದು ಏಕಸದಸ್ಯ ಪೀಠ ಅರ್ಜಿಯನ್ನು ವಜಾಮಾಡಿ, 50 ಲಕ್ಷ ರೂಪಾಯಿ ಕಟ್ಟುವಂತೆ ಹೇಳಿತು. ಜಗ್ಗಾಟ ಮುಗಿದಿಲ್ಲ.

2015ರ ತೀರ್ಪಿನ ಮರುದಿನ ನಾನು ಪತ್ರಿಕೆಯ ಸುದ್ದಿ ಕತ್ತರಿಸಿ ತಂಗಿಯ ಮಗಳಿಗೆ ಅಂಚೆಯಲ್ಲಿ ಕಳಿಸಿದ್ದೆ. ಅವಳು ಆಗ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದಳು. ಎರಡು ವರ್ಷದಿಂದ ಅಡುಗೆ, ಹಬ್ಬದ ಫೋಟೋ ಬಿಟ್ಟು ಬೇರೇನೂ ಹಾಕಿರಲಿಲ್ಲ. ವಾರದ ಮೇಲೆ ಫೋನು ಮಾಡಿದಳು. "ಸೆಕ್ಷನ್ ಹೋಯಿತು ದೊಡ್ಡಮ್ಮ. ಹೆದರಿಕೆ ಹೋಗಬೇಕಲ್ಲ" ಎಂದಳು. ಹೆದರಿಕೆಯನ್ನು ಅವಳೊಳಗೆ ಇಟ್ಟವರಲ್ಲಿ ನಾನೂ ಒಬ್ಬಳು. ಅಂದು ಅವಳ ಕ್ಷಮೆ ಕೇಳಿದೆ. ಅವಳು ಮಾತು ಬದಲಿಸಿದಳು.

ಈಗ ಅವಳು ಊರಿಗೆ ವಾಪಸು ಬಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಕಳೆದ ಬೇಸಿಗೆಯಲ್ಲಿ ಮತ್ತೆ ಖಾಲಿ ಕೊಡಗಳ ಸಾಲು. ಒಂದು ಸಂಜೆ ಮೊಬೈಲು ಹಿಡಿದು ಬಂದು, "ದೊಡ್ಡಮ್ಮ, ಹಾಕೋ ಮೊದಲು ಒಂದ್ಸಲ ಓದಿ" ಎಂದಳು. ಕನ್ನಡಕ ಹಾಕಿಕೊಂಡು ಓದಿದೆ. ಎರಡು ಕಡೆ ಕಾಗುಣಿತ ತಪ್ಪಿತ್ತು. ಅದನ್ನಷ್ಟು ತಿದ್ದಿಸಿ, ಫೋನನ್ನು ಅವಳ ಕೈಗೇ ಕೊಟ್ಟೆ.