ಹೊಡೆಯುವುದೆಂದರೆ ಬಡಿಯುವುದಲ್ಲ

ಹೋದ ತಿಂಗಳು ಪುಣೆಯ ಮಗರಪಟ್ಟಾದಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದೆ. ಸಂಜೆ ಗೇಟಿನ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆ. ಕೆಂಪು ಮಸ್ಟಾಂಗ್ ಕಾರೊಂದು ಬಂತು. ಕಾರು ಕಾಣಿಸುವ ಮೊದಲೇ ಅದರ ಸದ್ದು ಎದೆಗೆ ಬಂದು ತಾಗಿತ್ತು. ಪಕ್ಕದಲ್ಲಿ ಕೊರಳಿಗೆ ಆಫೀಸಿನ ಗುರುತಿನ ಚೀಟಿ ಇಳಿಬಿಟ್ಟ ಇಬ್ಬರು ಹುಡುಗರಿದ್ದರು. ಮಾತಿನ ಮೇಲೇ ಗೊತ್ತಾಯಿತು, ಒಬ್ಬ ನಮ್ಮ ವಿಜಯಪುರದ ಕಡೆಯವನು, ಇನ್ನೊಬ್ಬ ಬೆಂಗಳೂರಿನವನು. ನಮ್ಮವನು ಕಣ್ಣರಳಿಸಿ, “ಎಲಾ ಇವನ, ಏನ್ ಹೊಡಿತಾನಲೇ ಗಾಡಿ!” ಅಂದ. ಇನ್ನೊಬ್ಬ, “ಹೊಡಿಯೋದು ಅನ್ಬೇಡ ಮಗಾ, ಹಳ್ಳಿಯವರ ಥರ. ಡ್ರೈವ್ ಮಾಡೋದು ಅನ್ನು” ಅಂದ. ನಮ್ಮವನು ಸುಮ್ಮನಾಗಿಬಿಟ್ಟ. ಅವನು ಸುಮ್ಮನಾದದ್ದು ನನಗೆ ಇವತ್ತಿಗೂ ಚುಚ್ಚುತ್ತಿದೆ.

ಗಾಡಿಗೆ ಕನ್ನಡದಲ್ಲಿ ಕ್ರಿಯಾಪದದ ಬರವಿಲ್ಲ. ಮೈಸೂರು ಸೀಮೆಯವರು ಓಡಿಸುತ್ತಾರೆ. ಕರಾವಳಿ, ಮಲೆನಾಡಿನವರು ಬಿಡುತ್ತಾರೆ, “ನಿಮಗೆ ಕಾರು ಬಿಡಲಿಕ್ಕೆ ಬರ್ತದಾ?” ಎಂದು ಕೇಳುತ್ತಾರೆ. ನಾವು ಹೊಡೆಯುತ್ತೇವೆ. ಮೂರೂ ಒಳ್ಳೆಯ ಮಾತುಗಳೇ. ಈಗ ಮೂರನ್ನೂ ನುಂಗುತ್ತಿರುವುದು ‘ಮಾಡು’. ಡ್ರೈವ್ ಮಾಡು, ಪಾರ್ಕ್ ಮಾಡು, ಸ್ಟಾರ್ಟ್ ಮಾಡು, ವಾಕ್ ಮಾಡು. ಕೆಲಸವೆಲ್ಲ ಇಂಗ್ಲಿಷಿನದು, ಕೊನೆಗೆ ಮುದ್ರೆ ಒತ್ತುವುದಷ್ಟೇ ಕನ್ನಡದ ಪಾಲು. ಒಂದು ಭಾಷೆ ನಾಮಪದ ಸಾಲ ತಂದರೆ ಬಡವಾಗುವುದಿಲ್ಲ. ಕಾರು, ಬಸ್ಸು, ಲಾರಿ ಎಲ್ಲ ನಮ್ಮವೇ ಆಗಿವೆ. ಕ್ರಿಯಾಪದ ಕಳೆದುಕೊಂಡರೆ ಮಾತ್ರ ಕೈಕಾಲು ಹೋದಂತೆ.

ಹೊಡೆ ಎಂದರೆ ಬಡಿ ಎಂದೇ ತಿಳಿದವರು ನಮ್ಮ ಮಾತನ್ನು ಸರಿಯಾಗಿ ಕೇಳಿಲ್ಲ. ಈಜು ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಊರು ಸುತ್ತು ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಟೈರಿಗೆ ಗಾಳಿ ಹೊಡೆಯುತ್ತೇವೆ. ಇವುಗಳಲ್ಲಿ ಯಾರಿಗೂ ಪೆಟ್ಟು ಬೀಳುವುದಿಲ್ಲ. ಮೈಯೆಲ್ಲ ತೊಡಗಿಸಿ, ಒಂದು ಲಯ ಹಿಡಿದು, ಮುಗಿಯುವ ತನಕ ಬಿಡದೆ ಮಾಡುವ ಕೆಲಸಕ್ಕೆ ಕನ್ನಡ ‘ಹೊಡೆ’ ಅನ್ನುತ್ತದೆ. ಗಾಡಿಯ ಹೊಡೆತ ಹುಟ್ಟಿದ್ದು ಚಾಟಿಯಿಂದಲ್ಲ, ಹೊಲದ ಲಯದಿಂದ ಎಂದು ನಾನು ನಂಬಿದ್ದೇನೆ. ಗಳೆ ಹೊಡೆಯುವುದು, ಕುಂಟಿ ಹೊಡೆಯುವುದು ಮೊದಲು; ಬಂಡಿ ಆಮೇಲೆ; ಲಾರಿ, ಕಾರು ಅದರ ಮೊಮ್ಮಕ್ಕಳು.

ನನಗೆ ಇದನ್ನು ಕಲಿಸಿದವರು ಇಂಡಿ ತಾಲೂಕಿನ ಎರಿ ಹೊಲದಲ್ಲಿ ಗಳೆ ಹೊಡೆಯುತ್ತಿದ್ದ ನಮ್ಮ ದೊಡ್ಡಪ್ಪ. ಖಿಲಾರಿ ಎತ್ತಿನ ಜೋಡಿ. ಬಾರಕೋಲು ಅವರ ಕೈಯಲ್ಲಿ ಸದಾ ಇರುತ್ತಿತ್ತು. ಬಿದಿರಿನ ಕೋಲು, ಹಿಡಿಯುವಲ್ಲಿ ಬೆವರಿಗೆ ಕಪ್ಪಾಗಿ ನುಣುಪಾಗಿತ್ತು, ತುದಿಗೆ ಬಾರು, ಬಾರಿನ ಬುಡಕ್ಕೆ ಕೆಂಪು ಉಣ್ಣೆಯ ಗೊಂಡೆ. ಆ ಬಾರು ಎತ್ತಿನ ಮೈಗೆ ಬಿದ್ದದ್ದನ್ನು ನಾನು ನೋಡಿಲ್ಲ. ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬರುವಾಗ ದೊಡ್ಡಪ್ಪ ಬಾರಕೋಲನ್ನು ಸ್ವಲ್ಪ ಎತ್ತುತ್ತಿದ್ದರು. ಕೋಲಿನ ನೆರಳು ಎಡಗಡೆಯ ಎತ್ತಿನ ಮುಂದೆ ನೆಲದ ಮೇಲೆ ಹಾಯುತ್ತಿತ್ತು. ಅಷ್ಟಕ್ಕೇ ಅದು ಕಿವಿ ನಿಗುರಿಸಿ ಹೆಜ್ಜೆ ಬದಲಿಸುತ್ತಿತ್ತು. ಅದು ಬದಲಿಸಿದರೆ ಬಲಗಡೆಯದೂ ಬದಲಿಸುತ್ತಿತ್ತು. “ಹೊಡಿಯೂದಿಲ್ಲೇನು ದೊಡ್ಡಪ್ಪಾ?” ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಎಲ್ಲರೂ ಬಲ್ಲ ಗಾದೆಯನ್ನೇ: “ಹೊಡದಂಗ ಮಾಡು, ಅತ್ತಂಗ ಮಾಡತೀನಿ.”

ಈ ಗಾದೆಯನ್ನು ಜನ ಕಳ್ಳಾಟಕ್ಕೆ, ಒಳಒಪ್ಪಂದಕ್ಕೆ ಬಳಸುತ್ತಾರೆ. ಎರಡು ಪಕ್ಷದವರು ಮೇಲೆ ಜಗಳವಾಡಿ ಒಳಗೆ ಕೂಡಿಕೊಂಡರೆ ಪತ್ರಿಕೆಗಳಿಗೆ ಇದೇ ತಲೆಬರಹ. ದೊಡ್ಡಪ್ಪ ಅದನ್ನು ಪ್ರೀತಿಯ ಮಾತಾಗಿ ಹೇಳಿದ್ದರು. ಎತ್ತಿಗೂ ಒಕ್ಕಲಿಗನಿಗೂ ನಡುವೆ ಒಂದು ತಿಳಿವಳಿಕೆ ಇದೆ; ಅವನು ಕೋಲು ಎತ್ತಿದರೆ ಸಾಕು, ಅದು ಹೊರಟರೆ ಸಾಕು. ಪೆಟ್ಟಿಗೂ ಅಳುವಿಗೂ ಅಲ್ಲಿ ಕೆಲಸವಿಲ್ಲ. ನನ್ನ ಮಟ್ಟಿಗೆ ಗಾದೆ ಹುಟ್ಟಿದ್ದೇ ನೊಗದ ಹಿಂದೆ, ಪೇಟೆಗೆ ಬಂದು ಕೆಟ್ಟಿತು. ಮಧ್ಯಾಹ್ನ ಬಿಸಿಲು ನೆತ್ತಿಗೇರಿ ನೆರಳು ಕೋಲಿನ ಬುಡಕ್ಕೆ ಬಂದಾಗ ದೊಡ್ಡಪ್ಪ ಗಳೆ ಬಿಡುತ್ತಿದ್ದರು. ನೆರಳು ಇಲ್ಲದ ಮೇಲೆ ಹೊಡೆಯುವುದು ಹೇಗೆ ಎನ್ನುತ್ತಿದ್ದರು.

ಇನ್ನು ಆ ಕೆಂಪು ಕಾರಿನ ವಂಶಕ್ಕೆ ಬರೋಣ. ಅಮೆರಿಕದವರು ‘ಮಸಲ್ ಕಾರ್’ ಎನ್ನುವುದನ್ನು ನಮ್ಮಲ್ಲಿ ಯಾರಾದರೂ ‘ಸ್ನಾಯು ಕಾರು’ ಎಂದು ಬರೆದರೆ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ. ನಮ್ಮಲ್ಲಿ ‘ಕಸುವು’ ಇದೆಯಲ್ಲ! ಕಸುವಿನ ಎತ್ತು, ಕಸುವಿನ ಆಳು, ಕಸುವಿನ ಗಾಡಿ. ಆ ಗಾಡಿ ಹುಟ್ಟಿದ ಕತೆಯೂ ಒಕ್ಕಲಿಗನಿಗೆ ತಟ್ಟನೆ ತಿಳಿಯುವಂಥದ್ದೇ. ಜನರಲ್ ಮೋಟರ್ಸ್‌ನಲ್ಲಿ ಆಗ ಒಂದು ಕಟ್ಟಳೆಯಿತ್ತು: ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡಿಸಬಾರದು. ಅದೇ ಕಂಪನಿಯ ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಜೊತೆಗಾರರು ದೊಡ್ಡ ಕಾರಿನ 389 ಘನ ಅಂಗುಲದ ವಿ8 ಎಂಜಿನ್ನನ್ನು ಟೆಂಪೆಸ್ಟ್ ಎಂಬ ನಡುಗಾತ್ರದ ಕಾರಿಗೆ ಇಟ್ಟರು. ಹೊಸ ಮಾದರಿ ಎನ್ನದೆ, ಬೇಕಾದವರು ಹೆಚ್ಚಿಗೆ ಹಣ ಕೊಟ್ಟು ಹಾಕಿಸಿಕೊಳ್ಳುವ ಸಾಮಾನು ಎಂದು ತೋರಿಸಿ ಕಟ್ಟಳೆ ದಾಟಿದರು. ಅದೇ 1964ರ ಜಿಟಿಓ. 325 ಅಶ್ವಶಕ್ತಿ; ಮೊದಲ ವರ್ಷವೇ 32,450 ಮಾರಾಟವಾದವು. ಹೆಬ್ಬಂಡಿಯ ಎತ್ತನ್ನು ಸವಾರಿ ಬಂಡಿಗೆ ಹೂಡಿದರು, ಅಷ್ಟೇ. ಅದೇ ವರ್ಷದ ಏಪ್ರಿಲ್ 17ರಂದು ಫೋರ್ಡಿನ ಮಸ್ಟಾಂಗ್ ಬಂತು. ಅದು ಕಾಡುಗುದುರೆಯ ಹೆಸರು. ಅವರಿಗೂ ಎಂಜಿನ್ನಿನೊಳಗೆ ಪ್ರಾಣಿಯೇ ಕಾಣಿಸಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಆ ಸುಗ್ಗಿ ಹತ್ತು ವರ್ಷ ಬಾಳಲಿಲ್ಲ. ಹರೆಯದವರ ಅಪಘಾತ ಹೆಚ್ಚಿ ವಿಮೆಯ ಕಂತು ಏರಿತು, 1970ರಲ್ಲಿ ಗಾಳಿಯ ಶುದ್ಧಿಗೆ ಬಿಗಿ ಕಾನೂನು ಬಂತು, 1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆದವು. ನಡುವೆ 1972ರ ಹೊತ್ತಿಗೆ ಶಕ್ತಿ ಅಳೆಯುವ ಕ್ರಮವೇ ಬದಲಾಯಿತು. ಅಲ್ಲಿಯವರೆಗೆ ಫ್ಯಾನು, ಸೈಲೆನ್ಸರುಗಳ ಭಾರವಿಲ್ಲದೆ ಬರಿಯ ಎಂಜಿನ್ನನ್ನು ಅಳೆಯುತ್ತಿದ್ದರು. ನೊಗ ಕಟ್ಟದೆ ಎತ್ತಿನ ಬಲ ಹೇಳಿದ ಹಾಗೆ. ನೊಗ ಕಟ್ಟಿ ಅಳೆದಾಗ ಅಂಕಿಗಳು ಸರ್ರನೆ ಇಳಿದವು.

ನಮ್ಮ ದೇಶಕ್ಕೆ ಆ ರೂಪ ಬಂದದ್ದು 1984ರಲ್ಲಿ, ಹಿಂದುಸ್ತಾನ್ ಮೋಟರ್ಸ್‌ನ ಕಾಂಟೆಸಾ ಆಗಿ. ಮೂಲ ಇಂಗ್ಲೆಂಡಿನ ವಾಕ್ಸಾಲ್; ಆದರೆ ಉದ್ದ ಮೂತಿ, ನಾಲ್ಕು ದೀಪ, ಅಗಲ ಭುಜ, ಎಲ್ಲ ಅಮೆರಿಕದ ಜಟ್ಟಿಯದೇ ಠೀವಿ. ಮೊದಮೊದಲು ಒಳಗಿದ್ದದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್, 50ರ ಆಸುಪಾಸಿನ ಅಶ್ವಶಕ್ತಿ. ಇಸುಜುವಿನ 1.8 ಲೀಟರ್ ಎಂಜಿನ್ ಆಮೇಲೆ ಬಂತು. ಆ ಮೊದಲ ಕಾಂಟೆಸಾ ನೋಡಿದಾಗಲೆಲ್ಲ ದೊಡ್ಡಪ್ಪನ ಗಾದೆ ನೆನಪಾಗುತ್ತಿತ್ತು. ಅದು ಹೊಡೆದ ಹಾಗೆ ಮಾಡಿತು, ನಾವು ಬೆರಗಾದ ಹಾಗೆ ಅಲ್ಲ, ನಿಜವಾಗಿಯೇ ಬೆರಗಾದೆವು. ಇನ್ನು ಕರ್ನಾಟಕದ ಸ್ವಂತ ಕಸುವು ಬೇಕೆಂದರೆ ಮೈಸೂರಿನಲ್ಲಿ 1961ರಿಂದ 1996ರ ತನಕ ತಯಾರಾದ ಜಾವಾ, ಯೆಜ್ಡಿ ಬೈಕುಗಳಿವೆ. ಅವುಗಳಲ್ಲಿ ಕಿಕ್ ಹೊಡೆಯುವ ಸನ್ನೆಯೂ ಗೇರು ಹಾಕುವ ಸನ್ನೆಯೂ ಒಂದೇ. ಹೊಡೆದ ಕಾಲೇ ನಡೆಸಬೇಕು. ಗುಂಡಿ ಒತ್ತಿ ಹೊರಡುವ ಇಂದಿನ ಬಂಡಿಯವರಿಗೆ ಆ ಮೀನಖಂಡದ ನೆನಪು ಇರುವುದಿಲ್ಲ. ‘ಹೊಡೆ’ ಅವರ ಬಾಯಿಂದ ಜಾರಿದ್ದರಲ್ಲಿ ಅದರ ಪಾಲೂ ಇದೆ.

ಮರಾಠಿಯವರು ಇಲ್ಲಿ ನಮಗಿಂತ ಬೇರೆ ದಾರಿ ಹಿಡಿದಿದ್ದಾರೆ. ಎತ್ತಿನ ಗಾಡಿಗೆ ‘ಹಾಕಣೆ’, ಮೋಟಾರಿಗೆ ‘ಚಾಲವಣೆ’. ಪ್ರಾಣಿ ಬೇರೆ, ಯಂತ್ರ ಬೇರೆ. ನಾವು ಬೇರ್ಪಡಿಸಲಿಲ್ಲ. ಎತ್ತು ಮಾರಿ ಟ್ರ್ಯಾಕ್ಟರ್ ತಂದವರೂ “ಹೊಲಕ್ಕ ಟ್ರ್ಯಾಕ್ಟರ್ ಹೊಡಿಸೀನಿ” ಅನ್ನುತ್ತಾರೆ. ಆ ಜಾಗದಲ್ಲಿ ‘ಡ್ರೈವ್ ಮಾಡಿಸೀನಿ’ ಎಂದು ಹೇಳಿ ನೋಡಿ. ಹೊಲ ಉತ್ತಂತೆ ಆಗುವುದೇ ಇಲ್ಲ.

ಮಗರಪಟ್ಟಾವೂ ಹೊಲವೇ ಆಗಿತ್ತು. ಹಡಪಸರದ ಈ ನೆಲದಲ್ಲಿ ಕಬ್ಬು ಬೆಳೆಯುತ್ತಿದ್ದ ನೂರಿಪ್ಪತ್ತಕ್ಕೂ ಹೆಚ್ಚು ರೈತ ಕುಟುಂಬಗಳು ಸತೀಶ್ ಮಗರ್ ಅವರ ಮುಂದಾಳತ್ವದಲ್ಲಿ ಜಮೀನು ಮಾರದೆ ಒಟ್ಟುಗೂಡಿಸಿ, 400ಕ್ಕೂ ಹೆಚ್ಚು ಎಕರೆಯಲ್ಲಿ ತಾವೇ ಪಾಲುದಾರರಾಗಿ ಊರು ಕಟ್ಟಿದರು. ಮಸ್ಟಾಂಗ್ ಹಾದುಹೋದ ಆ ಡಾಂಬರಿನ ಕೆಳಗೆ ಇರುವುದು ಎತ್ತು ತುಳಿದ ಮಣ್ಣು. ಆ ಸಂಜೆ ಹುಡುಗನಿಗೆ ಏನೂ ಹೇಳದೆ ಬಂದೆ. ಇಲ್ಲಿ ಹೇಳುತ್ತೇನೆ: ತಮ್ಮಾ, ನೀ ಅಂದದ್ದೇ ಖರೆ. ಅಂವಾ ಗಾಡಿ ಹೊಡಿತಿದ್ದ.