ಇಪ್ಪತ್ತಾರು ಕೀಲಿಗಳಲ್ಲಿ ಹಿಡಿಸಿದ ಕನ್ನಡ

ಕನ್ನಡ ಲಿಪಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಲ್ಮಿಡಿಯ ಕಲ್ಲಿನಿಂದ ಹೊರಟು, ತಾಳೆಗರಿಯನ್ನೂ ಅಚ್ಚುಮೊಳೆಯನ್ನೂ ದಾಟಿ, ಗಣಕಯಂತ್ರಕ್ಕೆ ಬಂದು ನಿಲ್ಲುತ್ತಾರೆ. ಆ ದಾರಿಯಲ್ಲಿ ಯಾರೂ ಇಳಿಯದೆ ಬಿಟ್ಟ ಒಂದು ಪುಟ್ಟ ನಿಲ್ದಾಣವುಂಟು: ಮುಟ್ಟುಪರದೆ ಸರ್ವವ್ಯಾಪಿಯಾಗುವ ಮುನ್ನ, ಪರದೆಯ ಕೆಳಗೆ ಬೆರಳಿಗೆ ತಾಗುವ ನಿಜವಾದ ಗುಂಡಿಗಳನ್ನು ಹೊತ್ತಿದ್ದ ಸ್ಮಾರ್ಟ್‌ಫೋನುಗಳು. 2008ರಲ್ಲಿ ಬಂದ ನೋಕಿಯಾ ಇ71, 2009ರಲ್ಲಿ ಬಂದ ಎನ್900, ಕಚೇರಿಯ ಜನರ ಕೈಯಲ್ಲಿ ಕಾಣುತ್ತಿದ್ದ ಬ್ಲ್ಯಾಕ್‌ಬೆರಿಗಳು ಈ ಜಾತಿಯವು. ಅವುಗಳಲ್ಲಿ ಕನ್ನಡ ಹಿಡಿಸುತ್ತದೆಯೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ನಮ್ಮ ಕೀಲಿಮಣೆಯ ಚರಿತ್ರೆಯಲ್ಲಿ ಮರೆಯಾಗಿದ್ದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ.

ಈ ಪ್ರಶ್ನೆಯನ್ನು ಚೆನ್ನೈಯಲ್ಲಿ ಕುಳಿತು ಕೇಳುವುದಕ್ಕೆ ಕಾರಣವಿದೆ. ನಾವು ಊರಿಗೆ ಹೋಗಿಬರುವ ಬೆಂಗಳೂರು ಹೆದ್ದಾರಿಯಲ್ಲೇ, ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಶ್ರೀಪೆರುಂಬುದೂರು ಇದೆ. ಮೇಲುಕೋಟೆಗೆ ಬಂದು ನೆಲೆಸಿದ ರಾಮಾನುಜರು ಹುಟ್ಟಿದ ಊರೆಂದೇ ಕನ್ನಡಿಗರಿಗೆ ಅದರ ಪರಿಚಯ. ಅದೇ ಊರಿನಲ್ಲಿ 2006ರಲ್ಲಿ ನೋಕಿಯಾದ ಕಾರ್ಖಾನೆ ಕೆಲಸ ಆರಂಭಿಸಿತು. 2014ರ ನವೆಂಬರಿನಲ್ಲಿ ಮುಚ್ಚಿತು. ಇನ್ನೊಂದು ಕಡೆ, ಅಣ್ಣಾ ಸಾಲೆಗೆ ತಾಗಿದ ರಿಚಿ ಸ್ಟ್ರೀಟಿನ ಅಂಗಡಿಗಳಲ್ಲಿ ಬಿಡಿಭಾಗಗಳೂ ಹಳೆಯ ಯಂತ್ರಗಳೂ ಮತ್ತೆ ಬಾಳು ಕಾಣುತ್ತವೆ. ಗುಂಡಿಯ ಫೋನು ಹುಟ್ಟಿದ್ದನ್ನೂ ಮುಪ್ಪಾದದ್ದನ್ನೂ ಈ ನಗರ ಹತ್ತಿರದಿಂದ ನೋಡಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೀಲಿಗಳ ಮೇಲೆ ಅಕ್ಷರಗಳನ್ನು ಹೇಗೆ ಹಂಚಬೇಕೆಂಬುದನ್ನು ತಮಿಳರು ಸಭೆ ಸೇರಿ ತೀರ್ಮಾನಿಸಿದ್ದೂ ಇಲ್ಲಿಯೇ. ಆ ಸಂಗತಿಗೆ ಮುಂದೆ ಬರುತ್ತೇವೆ.

ಮೊದಲು ಗುಂಡಿಯ ಗುಟ್ಟನ್ನು ತಿಳಿಯಬೇಕು. ಗುಂಡಿಯ ಮೇಲೆ ‘ಕೆ’ ಎಂದು ಅಚ್ಚಾಗಿದ್ದರೂ ಅದನ್ನು ಒತ್ತಿದಾಗ ಯಂತ್ರದೊಳಕ್ಕೆ ಹೋಗುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಅರ್ಥವೇನೆಂದು ಹೇಳುವ ಕೋಷ್ಟಕ ತಂತ್ರಾಂಶದಲ್ಲಿರುತ್ತದೆ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಇಂಥ ಕೋಷ್ಟಕಗಳು ಎರಡು. ಸಂಖ್ಯೆಯಿಂದ ಕೀಲಿಯ ಹೆಸರಿಗೆ ಒಯ್ಯುವುದು ಮೊದಲನೆಯದು, ಕೀಲಿಯ ಹೆಸರಿನಿಂದ ಅಕ್ಷರಕ್ಕೆ ಒಯ್ಯುವುದು ಎರಡನೆಯದು. ಎರಡೂ ಸಾದಾ ಪಠ್ಯದ ಕಡತಗಳು, ಓದಬಲ್ಲವರು ತಿದ್ದಲೂಬಲ್ಲರು. ಆದರೆ ಅವು ಬಳಕೆದಾರ ಮುಟ್ಟಬಾರದೆಂದು ತಯಾರಕರು ಬೀಗ ಹಾಕಿದ ಭಾಗದಲ್ಲಿರುತ್ತವೆ. ಆದ್ದರಿಂದ ಗುಂಡಿಗಳ ಅರ್ಥವನ್ನು ಬದಲಿಸಲು ಹೊರಟವರು ಮೊದಲು ಬೀಗ ತೆಗೆಯಬೇಕಾಗುತ್ತಿತ್ತು. ಅದಕ್ಕೆ ‘ರೂಟ್ ಮಾಡುವುದು’ ಎಂದು ಹೆಸರು. 2012ರ ಆ್ಯಂಡ್ರಾಯ್ಡ್ 4.1ರಿಂದ ಮುಂದೆ, ಹೊರಗಿನಿಂದ ಜೋಡಿಸುವ ಕೀಲಿಮಣೆಗಳಿಗೆ ಹೊಸ ವಿನ್ಯಾಸವನ್ನು ಒಂದು ಆ್ಯಪ್ ಮೂಲಕವೇ ಒದಗಿಸುವ ದಾರಿ ತೆರೆಯಿತು.

ಕೋಷ್ಟಕವನ್ನು ಬದಲಿಸಬಹುದೆಂದಾದ ಮೇಲೆ ಉಳಿಯುವುದು, ಯಾವ ಗುಂಡಿಗೆ ಯಾವ ಅಕ್ಷರ ಎಂಬ ಪ್ರಶ್ನೆ. ಇದು ಬೆರಳಚ್ಚು ಯಂತ್ರದಷ್ಟು ಹಳೆಯದು. ಅಮೆರಿಕದ ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದ ಯಂತ್ರದಿಂದ ಇಂಗ್ಲಿಷಿನ ಕ್ವೆರ್ಟಿ ವಿನ್ಯಾಸ ಬೇರುಬಿಟ್ಟಿತು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಇಪ್ಪತ್ತಾರು ಕೀಲಿ. ಅಲ್ಲಿಗೆ ಲೆಕ್ಕ ಮುಗಿಯಿತು. ಕನ್ನಡಕ್ಕೆ ವರ್ಣಮಾಲೆಯೇ ಐವತ್ತರ ಹತ್ತಿರ. ಕಾಗುಣಿತವೂ ಒತ್ತಕ್ಷರಗಳೂ ಸೇರಿದರೆ ಕಣ್ಣಿಗೆ ಕಾಣುವ ಆಕಾರಗಳು ಸಾವಿರಗಳಲ್ಲಿ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದಾಗ ಅವರ ಮುಂದಿದ್ದ ಸಮಸ್ಯೆ ಇದು. ಯಂತ್ರದ ಪ್ರತಿಯೊಂದು ಕೀಲಿಯೂ ಒಂದು ಆಕಾರವನ್ನು ಕಾಗದದ ಮೇಲೆ ಹೊಡೆಯುವ ಲೋಹದ ತುಂಡು. ಆದ್ದರಿಂದ ಅಕ್ಷರದ ಆಕಾರವನ್ನೇ ತುಂಡುಮಾಡಿ ಕೀಲಿಗಳ ಮೇಲೆ ಹಂಚುವುದಲ್ಲದೆ ಬೇರೆ ದಾರಿಯಿರಲಿಲ್ಲ. ಕನ್ನಡದ ಬೆರಳಚ್ಚುಗಾರರು ಅಕ್ಷರವನ್ನು ಉಚ್ಚರಿಸಿ ಬರೆಯುತ್ತಿರಲಿಲ್ಲ, ಕಟ್ಟುತ್ತಿದ್ದರು.

ಗಣಕಯಂತ್ರ ಬಂದಾಗ ಈ ಬಂಧನ ಕಳಚಿತು. ಆಕಾರವನ್ನು ಯಂತ್ರವೇ ಬರೆಯಬಲ್ಲದು. ಯಾವ ಧ್ವನಿ ಬೇಕೆಂದು ಹೇಳಿದರೆ ಸಾಕು. ‘ಕ’ಕಾರ, ಹಲಂತ, ‘ತ’ಕಾರ ಎಂದು ಕ್ರಮವಾಗಿ ಹೇಳಿದರೆ ‘ಕ್ತ’ ಎಂಬ ಒತ್ತಕ್ಷರ ತಾನಾಗಿ ಮೂಡುತ್ತದೆ. ನಮ್ಮ ವ್ಯಾಕರಣಕಾರರು ಅಕ್ಷರವನ್ನು ಬಿಡಿಸಿ ತೋರಿಸುತ್ತಿದ್ದ ಕ್ರಮವೇ ಇದು. ಈ ತಿಳಿವಳಿಕೆಯಿಂದ ಎರಡು ವಿನ್ಯಾಸಗಳು ಹುಟ್ಟಿ ಎರಡು ದಾರಿ ಹಿಡಿದವು.

ಒಂದು, ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1980ರ ದಶಕದಲ್ಲಿ ಒಪ್ಪಿಕೊಂಡ ಇನ್‌ಸ್ಕ್ರಿಪ್ಟ್. 1991ರ ಭಾರತೀಯ ಮಾನಕ ಐಎಸ್ 13194ರಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಎಡಗೈಗೆ ಸ್ವರ, ಬಲಗೈಗೆ ಮುಖ್ಯ ವ್ಯಂಜನಗಳು ಎಂಬುದು ಅದರ ತತ್ತ್ವ. ದೇವನಾಗರಿಯಲ್ಲಿ ‘ಕ’ ಇರುವ ಕೀಲಿಯಲ್ಲೇ ಕನ್ನಡದ, ತೆಲುಗಿನ, ಬಂಗಾಳಿಯ ‘ಕ’ಕಾರವೂ ಇರುತ್ತದೆ. ಒಂದು ಲಿಪಿಯಲ್ಲಿ ಕಲಿತ ಬೆರಳು ಇನ್ನೊಂದು ಲಿಪಿಯಲ್ಲೂ ತಡಕಾಡದು. ಹೊರನಾಡಿನಲ್ಲಿ ಎರಡು ಮೂರು ಲಿಪಿಗಳ ನಡುವೆ ಬದುಕುವ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ.

ಇನ್ನೊಂದು ಕೆ.ಪಿ. ರಾವ್ ಅವರ ವಿನ್ಯಾಸ. ಕಿನ್ನಿಕಂಬಳ ಪದ್ಮನಾಭ ರಾವ್ ಹುಟ್ಟಿದ್ದು 1940ರಲ್ಲಿ, ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ. ಆ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅವರು ಇಂಗ್ಲಿಷ್ ಕೀಲಿಮಣೆಯನ್ನು ಇದ್ದಂತೆಯೇ ಇಟ್ಟುಕೊಂಡು, ಧ್ವನಿಯ ಹೋಲಿಕೆಯ ಮೇಲೆ ಕನ್ನಡವನ್ನು ಅದರಲ್ಲಿ ಕೂರಿಸಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಮೇಲೆ. ಇಂಗ್ಲಿಷಿನಲ್ಲಿ ಜೋಡಿಯಿಲ್ಲದ ಮೂರ್ಧನ್ಯಗಳಿಗೆ ಕನ್ನಡಕ್ಕೆ ಬೇಡವಾದ ಕೀಲಿಗಳನ್ನು ಕೊಟ್ಟರು: ‘ಕ್ಯೂ’ಗೆ ಟ, ‘ಡಬ್ಲ್ಯು’ಗೆ ಡ, ‘ಎಕ್ಸ್’ಗೆ ಷ. ‘ಎಫ್’ ಹಲಂತವಾಯಿತು. ಈ ವಿನ್ಯಾಸವನ್ನು ಅವರು ಯಾರಿಗೂ ಮಾರಲಿಲ್ಲ. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂಬ ಹೆಸರಿಟ್ಟ ತಂತ್ರಾಂಶವನ್ನೂ ಉಚಿತವಾಗಿ ಹಂಚಿದರು. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ಅಲ್ಪಸ್ವಲ್ಪ ಬದಲಾವಣೆಗಳೊಂದಿಗೆ ಇದನ್ನೇ ಮಾನ್ಯ ಮಾಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿ ಕಚೇರಿಗೂ ತಲುಪಿದ್ದರಿಂದ ಜನ ಅದನ್ನು ‘ಕಗಪ’ ಎಂದು ಕರೆದರು.

ಇದೇ ಕಾಲದಲ್ಲಿ ಚೆನ್ನೈಯಲ್ಲಿ ಮೂರನೆಯದೊಂದು ವಿನ್ಯಾಸ ರೂಪುಗೊಂಡಿತು. 1999ರ ಫೆಬ್ರವರಿಯಲ್ಲಿ ಇಲ್ಲಿ ನಡೆದ ‘ತಮಿಳ್‌ನೆಟ್ 99’ ಸಮ್ಮೇಳನದಲ್ಲಿ ದೇಶವಿದೇಶಗಳ ತಮಿಳು ತಂತ್ರಜ್ಞರು ಕೂಡಿ ಚರ್ಚಿಸಿದರು. ಅಲ್ಲಿ ಹೊರಹೊಮ್ಮಿದ ‘ತಮಿಳ್ 99’ ವಿನ್ಯಾಸವನ್ನು ತಮಿಳುನಾಡು ಸರ್ಕಾರ ಅಂಗೀಕರಿಸಿತು. ಅದರಲ್ಲೂ ಸ್ವರ ಎಡಕ್ಕೆ, ವ್ಯಂಜನ ಹೆಚ್ಚಾಗಿ ಬಲಕ್ಕೆ. ವ್ಯಂಜನದ ಮೇಲಿಡುವ ‘ಪುಳ್ಳಿ’ ಎಂಬ ಚುಕ್ಕೆ ಇರುವುದು ‘ಎಫ್’ ಕೀಲಿಯಲ್ಲಿ, ಅಂದರೆ ಕೆ.ಪಿ. ರಾಯರು ಹಲಂತವನ್ನಿಟ್ಟ ಜಾಗದಲ್ಲಿಯೇ. ತಮಿಳಿಗೆ ಮಹಾಪ್ರಾಣಗಳಿಲ್ಲದ ಕಾರಣ ಶಿಫ್ಟಿನ ಗೊಡವೆ ಹೆಚ್ಚಿಲ್ಲದೆ ಬರೆಯುವ ಏರ್ಪಾಡು ಅದು.

ಈಗ ಈ ಮೂರನ್ನೂ ಗುಂಡಿಯ ಫೋನಿಗೆ ಒಯ್ಯೋಣ. ಮೇಜಿನ ಕೀಲಿಮಣೆಯಲ್ಲಿ ಇಪ್ಪತ್ತಾರು ಅಕ್ಷರಗಳ ಬಲಕ್ಕೆ ಆವರಣ, ಅರ್ಧವಿರಾಮ, ಉದ್ಧರಣ, ಓರೆಗೆರೆ ಮೊದಲಾದ ಚಿಹ್ನೆಗಳ ಕೀಲಿಗಳಿರುತ್ತವೆ. ಇ71, ಎನ್900, ಬ್ಲ್ಯಾಕ್‌ಬೆರಿಗಳಲ್ಲಿ ಜಾಗ ಸಾಲದೆ ಆ ಕೀಲಿಗಳನ್ನು ಬಹುಮಟ್ಟಿಗೆ ಕಿತ್ತುಹಾಕಿ, ಚಿಹ್ನೆಗಳನ್ನು ಅಕ್ಷರದ ಗುಂಡಿಗಳ ಎರಡನೆಯ ಪಾತ್ರವಾಗಿ ಮಾಡಲಾಗಿತ್ತು. ಇಂಗ್ಲಿಷಿನವರಿಗೆ ಇದರಿಂದ ಯಾವ ನಷ್ಟವೂ ಇಲ್ಲ. ಆದರೆ ಇನ್‌ಸ್ಕ್ರಿಪ್ಟಿನಲ್ಲಿ ಚ ಇರುವುದು ಅರ್ಧವಿರಾಮದ ಕೀಲಿಯಲ್ಲಿ, ಟ ಉದ್ಧರಣದಲ್ಲಿ, ಡ ಚೌಕ ಆವರಣದಲ್ಲಿ, ಯ ಓರೆಗೆರೆಯಲ್ಲಿ. ಫೋನಿಗೆ ಬಂದಾಗ ಈ ನಾಲ್ಕೂ ಬೀದಿಪಾಲು. ‘ಕನ್ನಡ’ ಎಂದು ಬರೆಯಹೊರಟರೆ ‘ಕನ್ನ’ದವರೆಗೆ ಬಂದು ಡಕಾರಕ್ಕೆ ಗುಂಡಿಯಿಲ್ಲದೆ ನಿಲ್ಲಬೇಕು. ತಮಿಳ್ 99ರ ಕಥೆಯೂ ಬೇರೆಯಲ್ಲ. ಹಳಗನ್ನಡದಲ್ಲಿ ನಾವು ಕಂಡು ಕೈಬಿಟ್ಟ ೞಕಾರ ತಮಿಳಿನಲ್ಲಿ ಇಂದಿಗೂ ಜೀವಂತ; ‘ತಮಿೞ್’ ಎಂಬ ಹೆಸರಿನ ಕೊನೆಯಲ್ಲಿರುವುದೂ ಅದೇ. ಆ ಅಕ್ಷರ ಓರೆಗೆರೆಯ ಕೀಲಿಯಲ್ಲಿದೆ. ಹೀಗೆ ಎರಡು ಭಾಷೆಗಳೂ ತಮ್ಮ ತಮ್ಮ ಹೆಸರಿನ ಕೊನೆಯ ಅಕ್ಷರದಲ್ಲೇ ತಡೆದು ನಿಂತವು.

ಕಗಪದಲ್ಲಿ ಹಾಗಾಗಲಿಲ್ಲ. ಕೆ, ಎನ್, ಎಫ್, ಎನ್, ಡಬ್ಲ್ಯು: ಐದು ಗುಂಡಿ ಒತ್ತಿದರೆ ‘ಕನ್ನಡ’. ಒಂದು ಅಕ್ಷರವೂ ಇಪ್ಪತ್ತಾರರ ಬೇಲಿ ದಾಟದು, ಏಕೆಂದರೆ ಇಡೀ ವರ್ಣಮಾಲೆಯನ್ನು ರಾಯರು ಆ ಬೇಲಿಯೊಳಗೇ, ಶಿಫ್ಟಿನ ಸಹಾಯದಿಂದ ಮುಗಿಸಿದ್ದರು. ಅವರು ಅದನ್ನು ರೂಪಿಸಿದಾಗ ಇಂಥ ಫೋನು ಹುಟ್ಟಿರಲೇ ಇಲ್ಲ. ಕಲಿಯುವವರಿಗೆ ಸುಲಭವಾಗಲೆಂದು ಪಾಲಿಸಿದ ಮಿತವ್ಯಯ, ಮುಂದೆ ಅಂಗೈಯಗಲದ ಯಂತ್ರಕ್ಕೆ ಹೇಳಿ ಮಾಡಿಸಿದಂತಾಯಿತು.

ಹಾಗೆಂದು ಕೋಷ್ಟಕವನ್ನು ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿತ್ತೆಂದು ಅಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಇಕಾರಕ್ಕೂ ಅದರ ಗುಡಿಸಿಗೂ ಬೇರೆ ಬೇರೆ ಸ್ಥಾನಗಳಿವೆ. ಒಂದು ಒತ್ತಿಗೆ ಒಂದು ಅಕ್ಷರವೆಂಬ ಸರಳ ಕೋಷ್ಟಕ ಸಾಕು. ಕಗಪದಲ್ಲಿ ‘ಐ’ ಗುಂಡಿ ವ್ಯಂಜನದ ಬೆನ್ನಿಗೆ ಬಂದರೆ ಗುಡಿಸು, ಒಂಟಿಯಾಗಿ ಬಂದರೆ ಇಕಾರ. ಹಿಂದಿನ ಅಕ್ಷರ ಯಾವುದೆಂದು ನೆನಪಿಡುವ ಕೆಲಸ ಕೋಷ್ಟಕಕ್ಕೆ ಆಗದು; ಅದಕ್ಕೆ ಒಂದು ಪ್ರತ್ಯೇಕ ತಂತ್ರಾಂಶ ಬೇಕು. ಒಂದು ವಿನ್ಯಾಸ ಕೀಲಿಗಳನ್ನು ಉಳಿಸಿ ಬುದ್ಧಿಯನ್ನು ಖರ್ಚುಮಾಡುತ್ತದೆ, ಇನ್ನೊಂದು ಬುದ್ಧಿಯನ್ನು ಉಳಿಸಿ ಕೀಲಿಗಳನ್ನು ಖರ್ಚುಮಾಡುತ್ತದೆ. ಇಷ್ಟಲ್ಲದೆ, ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಇಂಗ್ಲಿಷಿನ ಸ್ವಯಂಚಾಲಿತ ಏರ್ಪಾಡನ್ನು ನಿಲ್ಲಿಸಲೇಬೇಕು. ಇಲ್ಲದಿದ್ದರೆ ‘ಕಾಗದ’ವು ‘ಖಾಗದ’ವಾಗಿ ಹೊರಡುತ್ತದೆ.

ಬರೆದದ್ದು ಕಾಣಬೇಕಲ್ಲ, ಅದು ಇನ್ನೊಂದು ತೊಡಕು. ಆ ಕಾಲದ ಅನೇಕ ಫೋನುಗಳಲ್ಲಿ ಕನ್ನಡದ ಅಕ್ಷರಶೈಲಿಯೇ ಇರುತ್ತಿರಲಿಲ್ಲ. ತೆರೆದ ಪುಟದಲ್ಲೆಲ್ಲ ಖಾಲಿ ಚೌಕಗಳು. ಒಪೆರಾ ಮಿನಿಯ ಒಳಪುಟವೊಂದರಲ್ಲಿ ಒಂದು ಆಯ್ಕೆಯನ್ನು ಬದಲಿಸಿ, ಕನ್ನಡವನ್ನು ಚಿತ್ರದ ರೂಪದಲ್ಲಿ ತರಿಸಿಕೊಂಡು ಓದಿದ್ದು ಹೊರನಾಡಿನ ಎಷ್ಟೋ ಓದುಗರಿಗೆ ನೆನಪಿರಬಹುದು. 1991ರಲ್ಲೇ ಯೂನಿಕೋಡಿನಲ್ಲಿ ಜಾಗ ಪಡೆದ ಲಿಪಿ, ಕೈಯಲ್ಲಿದ್ದ ಯಂತ್ರದಲ್ಲಿ ಕಾಣಿಸಿಕೊಳ್ಳಲು ಇಪ್ಪತ್ತು ವರ್ಷ ಕಾಯಬೇಕಾಯಿತು. ದೇಶದಲ್ಲಿ ಮಾರುವ ಫೋನುಗಳು ಭಾರತೀಯ ಭಾಷೆಗಳನ್ನು ತೋರಿಸಬಲ್ಲವಾಗಿರಬೇಕೆಂಬ ಮಾನಕ, ಐಎಸ್ 16333ರ ಮೂರನೆಯ ಭಾಗ, ಬಂದದ್ದು 2016ರಲ್ಲಿ. ಅಷ್ಟರಲ್ಲಿ ಗುಂಡಿಯ ಫೋನಿನ ಕಾಲವೇ ಮುಗಿಯುತ್ತ ಬಂದಿತ್ತು. ಬ್ಲ್ಯಾಕ್‌ಬೆರಿಯ ಸ್ವಂತ ಕಾರ್ಯವ್ಯವಸ್ಥೆಯ ಹಳೆಯ ಫೋನುಗಳಿಗೆ ಕಂಪನಿಯ ಸೇವೆ 2022ರ ಜನವರಿ 4ರಂದು ನಿಂತಿತು.

ಮುಟ್ಟುಪರದೆಯ ಮೇಲೆ ಕೀಲಿಗಳನ್ನು ಎಷ್ಟು ಬೇಕಾದರೂ ಬರೆಯಬಹುದಾದ್ದರಿಂದ ಈ ಚರಿತ್ರೆ ಅಪ್ರಸ್ತುತವೆಂದು ತೋರಬಹುದು. ನಮಗೆ ಹಾಗೆ ಅನ್ನಿಸುವುದಿಲ್ಲ. ಚೆನ್ನೈಯ ನಮ್ಮ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ತಮಿಳನ್ನೋ ಹಿಂದಿಯನ್ನೋ ಕಲಿಯುತ್ತಾರೆ, ಕನ್ನಡವನ್ನು ಆಡುತ್ತಾರೆ. ಬರೆಯಬೇಕಾದಾಗ ಇಂಗ್ಲಿಷ್ ಅಕ್ಷರಗಳಲ್ಲಿ ‘ಬರ್ತೀನಿ’, ‘ಊಟ ಆಯ್ತಾ’ ಎಂದು ಬರೆದು ಅಜ್ಜಿಗೆ ಕಳುಹಿಸುತ್ತಾರೆ. ಆ ಬರಹದಲ್ಲಿ ಳಕಾರಕ್ಕೂ ಲಕಾರಕ್ಕೂ, ಹ್ರಸ್ವಕ್ಕೂ ದೀರ್ಘಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಕೇಳಿ ಬಲ್ಲವರು ಮಾತ್ರ ಊಹಿಸಿ ಓದಿಕೊಳ್ಳಬೇಕು. ಕಗಪದ ಗುಂಡಿಯ ಮೇಲೆ ಇಂಗ್ಲಿಷ್ ಅಕ್ಷರವೇ ಅಚ್ಚಾಗಿದ್ದರೂ ಬರೆಯುವವನು ಕನ್ನಡದ ಲೆಕ್ಕವನ್ನೇ ಇಡಬೇಕಾಗುತ್ತದೆ. ಎಲ್ಲಿ ಹಲಂತ, ಎಲ್ಲಿ ಒತ್ತು, ಯಾವುದು ಅಲ್ಪಪ್ರಾಣ ಎಂದು ಪ್ರತಿ ಪದದಲ್ಲೂ ತೀರ್ಮಾನಿಸಿಯೇ ಮುಂದೆ ಹೋಗಬೇಕು. ಲಿಪಿಯನ್ನು ಶಾಲೆಯಲ್ಲಿ ಕಲಿಯದ ಮಗುವಿಗೆ ಇದು ಕಾಗುಣಿತದ ಪಾಠವೇ ಸರಿ.

ಮನೆಯ ಕಪಾಟಿನಲ್ಲಿ ಗುಂಡಿಯ ಫೋನೊಂದು ಉಳಿದಿದ್ದರೆ, ಅದನ್ನು ಎಸೆಯುವ ಮುನ್ನ ಹೊಸ ಕೋಷ್ಟಕ ಹಾಕಲು ಬರುತ್ತದೆಯೆ ಎಂದು ತಿಳಿದವರಿಂದ ನೋಡಿಸಬಹುದು. ಅದಿಲ್ಲದಿದ್ದರೆ ಮನೆಯ ಗಣಕಯಂತ್ರವೇ ಆದೀತು. ಲಿನಕ್ಸ್ ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ಅದೇ ಹೆಸರಿನಿಂದ ಇದೆ. ವಿಂಡೋಸಿನವರಿಗೆ ‘ನುಡಿ’ಯೂ ‘ಬರಹ’ವೂ ಇವೆ. ಮಕ್ಕಳಿಗೆ ಮೊದಲು ಅವರವರ ಹೆಸರನ್ನು ಒತ್ತಿ ತೋರಿಸಿ, ಆಮೇಲೆ ಅಜ್ಜಿಯ ಊರಿನ ಹೆಸರನ್ನು ಬರೆಯಲು ಹೇಳೋಣ.