ಅನ್ನದ ಉರಿಯನ್ನು ಅಳೆದವರು

ಶಿವನಸಮುದ್ರದ ಪ್ರಪಾತವನ್ನಿಳಿದ ಕಾವೇರಿಯು ಕಾಡುಬೆಟ್ಟಗಳ ನಡುವೆ ಹರಿದು ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಆಂಜನೇಯನ ಸನ್ನಿಧಿಯನ್ನು ಮುಟ್ಟುವ ವೇಳೆಗೆ, ತನ್ನ ಬಲದ ಒಂದಂಶವನ್ನು ಮನುಷ್ಯನಿಗೆ ಒಪ್ಪಿಸಿಯಾಗಿರುತ್ತದೆ. 1902ರಲ್ಲಿ ಆ ಪ್ರಪಾತದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಂದಿನಿಂದ ನೀರಿನ ಶಕ್ತಿಯನ್ನು ಅಳೆದು ಲೆಕ್ಕವಿಡುವ ವಿದ್ಯೆಯು ಈ ಸೀಮೆಗೆ ಪರಿಚಿತವಾಯಿತು. ಆದರೆ ಇದೇ ಸೀಮೆಯ ಆರಂಬಗಾರನು ಉಂಡ ರಾಗಿಮುದ್ದೆಯೂ ಕಾಳಿನ ಸಾರೂ ಅವನ ದೇಹದ ಕೋಟ್ಯನುಕೋಟಿ ಜೀವಕೋಶಗಳಲ್ಲಿ ಯಾವ ಪ್ರಮಾಣದಲ್ಲಿ ಇಂಧನವಾದವು, ಯಾವ ಪ್ರಮಾಣದಲ್ಲಿ ಮೈಗೂಡಿದವು ಎಂಬುದನ್ನು ಅಳೆಯುವ ವಿದ್ಯೆಗೆ ಇದಕ್ಕಿಂತ ದೀರ್ಘವಾದ ಇತಿಹಾಸವುಂಟು. ಅದರ ಒಂದು ಮಹತ್ತ್ವದ ಅಧ್ಯಾಯವು ನಮ್ಮ ಬೆಂಗಳೂರಿನಲ್ಲಿಯೇ ರಚಿತವಾಯಿತು.

ಉಸಿರಾಟವು ಮಂದಗತಿಯ ದಹನವೆಂಬುದಕ್ಕೆ ಪ್ರಮಾಣ ದೊರೆತದ್ದು 1782-83ರ ಚಳಿಗಾಲದಲ್ಲಿ, ಲವಾಸಿಯೆ ಮತ್ತು ಲಪ್ಲಾಸ್ ಎಂಬ ಫ್ರೆಂಚ್ ಪಂಡಿತರು ಗಿನಿಯಿಲಿಯ ಮೈಬಿಸಿಗೆ ಕರಗಿದ ಹಿಮವನ್ನೂ ಅದು ಹೊರಬಿಟ್ಟ ಅಂಗಾರಾಮ್ಲ ವಾಯುವನ್ನೂ ತೂಗಿ ಹೋಲಿಸಿದಾಗ. ಪಿಷ್ಟವು ಉರಿದರೆ ಹೀರಿದ ಆಮ್ಲಜನಕದಷ್ಟೇ ಗಾತ್ರದ ಅಂಗಾರಾಮ್ಲ ಹೊರಬೀಳುವುದೆಂದೂ, ಕೊಬ್ಬು ಉರಿದರೆ ಅದರ ಹತ್ತರಲ್ಲಿ ಏಳು ಭಾಗ ಮಾತ್ರವೆಂದೂ ಮುಂದಿನ ಶತಮಾನದಲ್ಲಿ ತಿಳಿಯಲಾಗಿ, ಉಸಿರಿನಿಂದಲೇ ಒಡಲಿನ ಇಂಧನವನ್ನು ಊಹಿಸುವುದು ಸಾಧ್ಯವಾಯಿತು. ಒಡಲು ಹಿರಿದಾದಷ್ಟೂ ಅದರ ಒಂದೊಂದು ಗ್ರಾಮಿನ ಉರಿ ಮಂದವಾಗುವುದೆಂದು 1932ರಲ್ಲಿ ಕ್ಲೈಬರ್ ಎಂಬಾತನು ತೋರಿಸಿದ ನಿಯಮವನ್ನು ಮುತ್ತತ್ತಿಯ ಕಾಡಿಗೆ ಅನ್ವಯಿಸಿದರೆ, ಹೊಳೆಯಲ್ಲಿ ಈಜುವ ಎಂಟು ಕಿಲೋ ತೂಕದ ನೀರುನಾಯಿಯ ಒಂದು ಗ್ರಾಂ ದೇಹವು, ದಡದಿಂದ ನೀರಿಗಿಳಿಯುವ ನಾಲ್ಕು ಸಾವಿರ ಕಿಲೋ ತೂಕದ ಆನೆಯ ಒಂದು ಗ್ರಾಂ ದೇಹಕ್ಕಿಂತ ಹತ್ತಿರ ಹತ್ತಿರ ಐದು ಪಟ್ಟು ವೇಗದಲ್ಲಿ ಶಕ್ತಿಯನ್ನು ವ್ಯಯಿಸುತ್ತದೆ.

ಇಡೀ ಪ್ರಾಣಿಯಿಂದ ಜೀವಕೋಶಕ್ಕೆ ಇಳಿದವನು ಜರ್ಮನಿಯ ಆಟೋ ವಾರ್ಬರ್ಗ್. ಅಂಗಾಂಶದ ತೆಳುವಾದ ಸೀಳುಗಳನ್ನು ಪುಟ್ಟ ಕುಪ್ಪಿಯಲ್ಲಿಟ್ಟು, ಅವು ಆಮ್ಲಜನಕವನ್ನು ಹೀರಿದಂತೆ ಇಳಿಯುವ ಒತ್ತಡವನ್ನು ಅವನು ಅಳೆದನು; ಅರ್ಬುದದ ಕೋಶಗಳು ಗಾಳಿಯಿದ್ದೂ ಸಕ್ಕರೆಯನ್ನು ಪೂರ್ಣವಾಗಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿಸುವುದನ್ನು ಕಂಡನು. ಅದೇ ಕಾಲದಲ್ಲಿ, ಹಾರ್ವರ್ಡಿನಲ್ಲಿದ್ದ ತೆಲುಗು ನಾಡಿನ ಯಲ್ಲಾಪ್ರಗಡ ಸುಬ್ಬರಾಯರು ಅಲ್ಲಿನ ಫಿಸ್ಕೆ ಎಂಬವರೊಡಗೂಡಿ, ಬಣ್ಣದ ಗಾಢತೆಯಿಂದ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಸ್ನಾಯುವಿನಲ್ಲಿ ಶಕ್ತಿಯನ್ನು ಕೂಡಿಡುವ ಫಾಸ್ಫೋಕ್ರಿಯಾಟಿನ್ ಬೆಳಕಿಗೆ ಬಂದದ್ದು ಆ ಸರಳ ವಿಧಾನದ ದೆಸೆಯಿಂದಲೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಜೀವರಸಾಯನ ವಿಭಾಗವು 1921ರಿಂದ ನಡೆದುಬಂದಿತ್ತು. ಅಲ್ಲಿ ಟಿ. ರಾಮಶರ್ಮರು ಮತ್ತು ಅವರ ಶಿಷ್ಯರು, ಜೀವಕೋಶದ ಉಸಿರಾಟದಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುವ ಯುಬಿಕ್ವಿನೋನ್ ಎಂಬ ವಸ್ತುವು ಚಳಿಯಲ್ಲಿಟ್ಟ ಇಲಿಗಳಲ್ಲಿ ಹೇಗೆ ವ್ಯತ್ಯಾಸಗೊಳ್ಳುವುದೆಂಬುದನ್ನು 1960ರ ದಶಕದಲ್ಲಿ ಪರೀಕ್ಷಿಸಿದರು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದುದು ಇದೇ ಊರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡರೂ ಅವರ ಸಹೋದ್ಯೋಗಿಗಳೂ ಅಮೆರಿಕದ ವರ್ನನ್ ಯಂಗರ ಸಹಕಾರದಿಂದ ನಡೆಸಿದ ಕಾರ್ಯ. ಸಸಾರಜನಕವನ್ನು ಕಟ್ಟಲು ಬೇಕಾದ ಲೈಸಿನ್ ಎಂಬ ಘಟಕವು ಆಹಾರದಲ್ಲಿ ಸಾಲದೆ ಹೋದರೆ, ಜೊತೆಯ ಲ್ಯೂಸಿನ್ ಇದ್ದೂ ಬಳಕೆಗೆ ಬಾರದೆ, ಜೀವಕೋಶವು ಅದನ್ನು ಇಂಧನವಾಗಿ ಉರಿಸಿಬಿಡುತ್ತದೆ. ಆದ್ದರಿಂದ ವಿಕಿರಣವಿಲ್ಲದ, ಆದರೆ ತೂಕದಲ್ಲಿ ತುಸು ಭಾರವಾದ ಇಂಗಾಲ-13ರ ಗುರುತನ್ನು ಹೊತ್ತ ಲ್ಯೂಸಿನ್ನನ್ನು ದೇಹಕ್ಕೆ ಸೇರಿಸಿ, ಹಗಲಿರುಳು 24 ಗಂಟೆ ಉಸಿರನ್ನು ಸಂಗ್ರಹಿಸಿ, ಆ ಗುರುತು ಎಷ್ಟು ಹೊರಬಂದಿತೆಂದು ನೋಡಿದರೆ, ಒಳಗಿನ ಕೊರತೆಯು ಅಂಕೆಯಾಗಿ ಕಾಣುತ್ತದೆ. ಲೈಸಿನ್ ಎಷ್ಟು ಬೇಕೆಂಬ ಅದುವರೆಗಿನ ಅಂಕೆಯು ಬಹುಮಟ್ಟಿಗೆ ಪಾಶ್ಚಾತ್ಯರ ಮೇಲೆ ನಡೆದ, ದೇಹದ ನೈಟ್ರೋಜನ್ ಆಯವ್ಯಯದ ಪರೀಕ್ಷೆಗಳನ್ನು ಆಧರಿಸಿತ್ತು: 1985ರಲ್ಲಿ ವಿಶ್ವಸಂಸ್ಥೆಯ ತಜ್ಞರು ವಯಸ್ಕರಿಗೆ ದಿನಕ್ಕೆ, ದೇಹದ ಪ್ರತಿ ಕಿಲೋಗೆ, 12 ಮಿಲಿಗ್ರಾಂ ಲೈಸಿನ್ ಸಾಕೆಂದಿದ್ದರು. ಬೆಂಗಳೂರಿನ ಅಳತೆಗಳನ್ನೂ ಪರಿಗಣಿಸಿದ 2007ರ ವರದಿಯಲ್ಲಿ ಅದು 30 ಮಿಲಿಗ್ರಾಂ ಆಯಿತು. ಐವತ್ತು ಕಿಲೋ ತೂಕದ ಕೂಲಿಯವನಿಗೆ ದಿನಕ್ಕೆ 600 ಮಿಲಿಗ್ರಾಂ ಸಾಕೆಂದವರು 1,500 ಬೇಕೆಂದಂತಾಯಿತು. ರಾಗಿಯಲ್ಲಿ ಲೈಸಿನ್ ಕಡಿಮೆ, ಅವರೆ ಹುರುಳಿಗಳಲ್ಲಿ ಹೆಚ್ಚು. ಕಾಳಿನ ಸಾರಿಲ್ಲದೆ ಮುದ್ದೆಯನ್ನಷ್ಟೇ ಉಣ್ಣಬೇಕಾದ ಮನೆಗೆ ಈ ವ್ಯತ್ಯಾಸವು ಅತ್ಯಂತ ಗುರುತರವಾದುದು. ಬಹುಕಾಲ ಅರೆಹೊಟ್ಟೆಯಲ್ಲಿ ಬದುಕಿದ, ಕರುಳಿನಲ್ಲಿ ಹುಳುಗಳಿದ್ದ ಗಂಡಸರಿಗಾದರೋ ಅಗತ್ಯವು ಇನ್ನೂ ಮಿಗಿಲೆಂದು ಅದೇ ತಂಡವು ತೋರಿಸಿತು. ಹುಳುವಿಗೆ ಔಷಧಿ ಕೊಟ್ಟ ಮೇಲೆ ಅದು ತಗ್ಗಿತು.